ಕಂಬಳಿ ಕಟ್ಟಿ, ಆಮೇಲೆ ಗೇನ್ ತಿರುಗಿಸಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬರ ಇರುವುದು ಮಳೆಗೆ, ಹಾಡುವವರಿಗಲ್ಲ. ಭಜನೆ ಮಂಡಳಿಗಳಿವೆ, ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮಾಸ್ತರರಿದ್ದಾರೆ, ಸೋಬಾನೆ ಹೇಳುವ ಹೆಂಗಸರಿದ್ದಾರೆ. ಗೊಲ್ಲರಹಟ್ಟಿಗಳಲ್ಲಿ ದೈವ ಜುಂಜಪ್ಪನ ಗಣೆ ಎಂಬ ಕೊಳಲಿದೆ, ಮ್ಯಾಸನಾಯಕರ ಹಟ್ಟಿಗಳಲ್ಲಿ ಉರುಮೆ ಎಂಬ ಚರ್ಮವಾದ್ಯವಿದೆ. ಅಕ್ಷರ ಬಾರದ ಸಿರಿಯಜ್ಜಿ ಸಾವಿರಾರು ಪದಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದದ್ದು ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ. ಕೃಷ್ಣಮೂರ್ತಿ ಹನೂರು ಅವರು ಬೆನ್ನುಹತ್ತಿ ಸಂಗ್ರಹಿಸಿ ಅಚ್ಚಿಗೆ ತಂದದ್ದರಿಂದ ಆ ಪದಗಳು ಓದುಗರ ಕೈಗೆ ಸಿಕ್ಕವು. ಆದರೆ ಅಚ್ಚಿನಲ್ಲಿ ಉಳಿಯುವುದು ಮಾತು ಮಾತ್ರ. ಮಟ್ಟು, ಎಳೆತ, ಉಸಿರು ತೆಗೆದುಕೊಳ್ಳುವ ಜಾಗ, ಹಿಂದಿನವರು ಸೊಲ್ಲನ್ನು ಎತ್ತಿಕೊಳ್ಳುವ ಬಗೆ, ಇವನ್ನೆಲ್ಲ ಧ್ವನಿಯಲ್ಲೇ ಹಿಡಿಯಬೇಕು.

ಹಿಂದೆ ಅದಕ್ಕೆ ಆಕಾಶವಾಣಿಯ ಬಾಗಿಲು ತಟ್ಟಬೇಕಿತ್ತು, ಇಲ್ಲವೆ ಬೆಂಗಳೂರಿನ ಸ್ಟುಡಿಯೊಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಕಟ್ಟಬೇಕಿತ್ತು. ಈಗ ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಅಂಗೈ ಅಗಲದ ಒಂದು ಡಬ್ಬಿ, ಒಂದು ಮೈಕು, ಒಂದು ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗುತ್ತದೆ. ಆ ಡಬ್ಬಿಯೇ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್. ಅದರ ಬಗ್ಗೆ ಹೇಳಬೇಕಾದ ಮೊದಲ ಮಾತು, ಅಂಗಡಿಯವರು ಹೇಳದ ಮಾತು ಇದು: ನಿಮ್ಮ ರೆಕಾರ್ಡಿಂಗ್ ಚೆನ್ನಾಗಿ ಬರುವುದರಲ್ಲಿ ಡಬ್ಬಿಯ ಪಾಲು ತೀರಾ ಚಿಕ್ಕದು. ಕೋಣೆ, ಮೈಕಿನ ದೂರ, ಮನೆಯ ಅರ್ಥಿಂಗ್, ದನಿ ಹಿಗ್ಗಿಸುವ ಗೇನ್ ಗುಂಡಿ, ಈ ನಾಲ್ಕು ನೆಟ್ಟಗಿದ್ದರೆ ಆರು ಸಾವಿರದ ಡಬ್ಬಿಯೂ ಸಾಕು. ಇವು ಕೆಟ್ಟರೆ ಅರವತ್ತು ಸಾವಿರದ್ದು ತಂದರೂ ಕೆಟ್ಟದ್ದನ್ನೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಮೊಬೈಲ್ ಸಾಲದೇ ಎನ್ನುವವರಿಗೆ ಒಂದು ವಿವರಣೆ. ಮೊಬೈಲು ತಯಾರಾಗಿರುವುದು ಮಾತಿಗೆ. ದನಿ ತಗ್ಗಿದರೆ ತಾನಾಗಿಯೇ ಏರಿಸುತ್ತದೆ, ಏರಿದರೆ ಅದುಮುತ್ತದೆ. ಹಾಡುಗಾರ ಬೇಕೆಂದೇ ಮೆಲ್ಲಗೆ ಎತ್ತಿಕೊಂಡ ಸೊಲ್ಲೂ ಗಂಟಲು ಬಿಟ್ಟು ಹಾಡಿದ ಸೊಲ್ಲೂ ಒಂದೇ ಮಟ್ಟಕ್ಕೆ ಬಂದು ಕೂರುತ್ತವೆ. ಇನ್ನೊಂದು ತಾಪತ್ರಯ ಶ್ರುತಿಯದು. ಮೊಬೈಲಿನ ಗದ್ದಲ ತಗ್ಗಿಸುವ ವ್ಯವಸ್ಥೆಗೆ ಒಂದೇ ಸಮನೆ ಬರುವ ಸದ್ದೆಲ್ಲ ಫ್ಯಾನಿನ ಸದ್ದಿದ್ದಂತೆ; ಶ್ರುತಿ ಪೆಟ್ಟಿಗೆಯನ್ನೂ ಏಕತಾರಿಯನ್ನೂ ಅದು ಕಸವೆಂದು ತಿಳಿದು ಗುಡಿಸಿಹಾಕಲು ನೋಡುತ್ತದೆ. ಇಂಟರ್‌ಫೇಸ್ ಇಂಥ ಜಾಣತನ ಮಾಡುವುದಿಲ್ಲ. ಮೈಕಿನಿಂದ ಬಂದ ಕ್ಷೀಣ ವಿದ್ಯುತ್ತನ್ನು ನೀವು ಹೇಳಿದಷ್ಟೇ ಹಿಗ್ಗಿಸಿ, ಅಂಕಿಗಳಾಗಿ ಬದಲಿಸಿ, ಯುಎಸ್‌ಬಿ ದಾರಿಯಲ್ಲಿ ಕಂಪ್ಯೂಟರಿಗೆ ದಾಟಿಸುತ್ತದೆ. ಕಂಪ್ಯೂಟರಿನಿಂದ ಬಂದ ಅಂಕಿಗಳನ್ನು ಮತ್ತೆ ಸದ್ದಾಗಿಸಿ ಹೆಡ್‌ಫೋನಿಗೆ ಕೊಡುತ್ತದೆ. ಅಷ್ಟೇ ಅದರ ಕಸುಬು.

ಕೊಳ್ಳುವಾಗ ಎರಡು ಇನ್‌ಪುಟ್ ಇರುವುದನ್ನೇ ತೆಗೆದುಕೊಳ್ಳಿ. ಒಂದು ಗಂಟಲಿಗೆ, ಒಂದು ವಾದ್ಯಕ್ಕೆ. ಒಂದೇ ಮೈಕಿನ ಡಬ್ಬಿ ತಂದವರು ಆರು ತಿಂಗಳೊಳಗೆ ಎರಡನೆಯದಕ್ಕೆ ಹಂಬಲಿಸುತ್ತಾರೆ. ಬೆಹ್ರಿಂಗರ್, ಎಂ-ಆಡಿಯೊ, ಫೋಕಸ್‌ರೈಟ್ ಸ್ಕಾರ್ಲೆಟ್ ಇಂಥ ಹೆಸರುಗಳು ಸುಲಭವಾಗಿ ಸಿಗುತ್ತವೆ. ಐದಾರು ಸಾವಿರದಿಂದ ಹದಿನೈದು, ಇಪ್ಪತ್ತು ಸಾವಿರದವರೆಗೆ ಬೆಲೆ. ಡಬ್ಬಿಯ ಮೇಲೆ 48 ವೋಲ್ಟ್ ಎಂದು ಬರೆದ ಗುಂಡಿ ಇರಲಿ, ಡೈರೆಕ್ಟ್ ಮಾನಿಟರ್ ಎಂಬ ಸೌಲಭ್ಯ ಇರಲಿ, ಕಂಪನಿಯ ಸ್ವಂತ ಡ್ರೈವರ್ ಇರಲಿ. 192 ಕಿಲೊಹರ್ಟ್ಜ್ ಎಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿರುವುದನ್ನು ನೋಡಿ ಮರುಳಾಗಬೇಡಿ. ಹಾಡಿಗೆ 48 ಕಿಲೊಹರ್ಟ್ಜ್, 24 ಬಿಟ್ ಧಾರಾಳ. ಆ ಲೆಕ್ಕದಲ್ಲಿ ಒಂದು ಮೈಕಿನ ಒಂದು ಗಂಟೆಯ ರೆಕಾರ್ಡಿಂಗ್ ಸುಮಾರು 520 ಎಂಬಿ ಆಗುತ್ತದೆ. ರಾತ್ರಿಯಿಡೀ ನಡೆಯುವ ಭಜನೆಯನ್ನು ಹಿಡಿಯುವವರು ಡಿಸ್ಕಿನಲ್ಲಿ ಜಾಗ ನೋಡಿಕೊಂಡೇ ಕೂರಬೇಕು.

ಮೈಕಿನ ವಿಷಯಕ್ಕೆ ಬಂದರೆ, ಎಲ್ಲರೂ ಕಂಡೆನ್ಸರ್ ಮೈಕನ್ನೇ ಹೇಳುತ್ತಾರೆ. ಅದು ಸೂಕ್ಷ್ಮ, ನಿಜ. ಪಕ್ಕದ ಮನೆಯ ಕುಕ್ಕರ್ ಸೀಟಿಗೂ ಅದು ಅಷ್ಟೇ ಸೂಕ್ಷ್ಮ. ಬಳ್ಳಾರಿ–ಹಿರಿಯೂರು ಹೆದ್ದಾರಿಗೆ ಹತ್ತಿರದ ಮನೆ, ಮಗ್ಗದ ಓಣಿಯ ಮನೆ, ತಗಡಿನ ಚಾವಣಿಯ ಕೋಣೆ, ಇಂಥ ಕಡೆ ಶೂರ್ ಎಸ್‌ಎಂ58 ಮಾದರಿಯ ಡೈನಮಿಕ್ ಮೈಕೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದನ್ನು ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರ ಹಿಡಿಯುವುದರಿಂದ ದೂರದ ಸದ್ದು ತಾನಾಗಿಯೇ ಹಿಂದೆ ಸರಿಯುತ್ತದೆ. ಕಂಡೆನ್ಸರ್ ಇದ್ದರೆ 48 ವೋಲ್ಟ್ ಗುಂಡಿ ಒತ್ತಲೇಬೇಕು, ಇಲ್ಲದಿದ್ದರೆ ಅದು ಮಾತಾಡುವುದಿಲ್ಲ. ಒತ್ತುವ ಮೊದಲು ಗೇನ್ ಇಳಿಸಿ, ಹೆಡ್‌ಫೋನ್ ಕಿವಿಯಿಂದ ತೆಗೆಯಿರಿ. ದಪ್ ಎಂಬ ಸದ್ದು ಕಿವಿಗೆ ಒಳ್ಳೆಯದಲ್ಲ.

ಇಲ್ಲೇ ಒಂದು ಗುಂಡಿ ಇದೆ, ಬಹಳ ಜನ ಬೀಳುವ ಗುಂಡಿ. ಭಜನೆ ಮಂಡಳಿಯಲ್ಲೋ ಸೌಂಡ್ ಸಿಸ್ಟಂನವರ ಬಳಿಯೋ ಮೈಕು ಇದ್ದೇ ಇರುತ್ತದೆ. ಅದರ ಕೇಬಲ್ಲಿನ ತುದಿಯಲ್ಲಿ ಆಂಪ್ಲಿಫೈಯರಿಗೆ ಚುಚ್ಚುವ ದಪ್ಪ ಪಿನ್. ಇಂಟರ್‌ಫೇಸಿನ ತೂತು ನಡುವೆ ದಪ್ಪ ಪಿನ್ನನ್ನೂ ಸುತ್ತ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಅನ್ನೂ ನುಂಗುವ ಹಾಗಿರುತ್ತದೆ. ದಪ್ಪ ಪಿನ್ ಸಲೀಸಾಗಿ ಕೂರುತ್ತದೆ. ಹಾಡಿದರೆ ಮಾತ್ರ ಬಾವಿಯೊಳಗಿಂದ ಬಂದಂತೆ ಕ್ಷೀಣ ದನಿ. ಗೇನ್ ಪೂರ್ತಿ ತಿರುಗಿಸಿದರೆ ಸುಯ್ ಎಂಬ ಸದ್ದು. ಡಬ್ಬಿಯೇ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವವರೂ ಇದ್ದಾರೆ. ಆದದ್ದಿಷ್ಟೇ: ದಪ್ಪ ಪಿನ್ನಿನ ದಾರಿ ಕೀಬೋರ್ಡಿಗೆ, ಗಿಟಾರಿಗೆ; ಮೈಕಿನ ದನಿ ಹಿಗ್ಗಿಸುವ ಭಾಗಕ್ಕೆ ಹೋಗುವುದು ಎಕ್ಸ್‌ಎಲ್‌ಆರ್ ದಾರಿ. ಮೈಕಿನ ಬುಡದಿಂದ ಕೇಬಲ್ ಬಿಚ್ಚಿ ನೋಡಿ. ಅಲ್ಲಿ ಮೂರು ಕಡ್ಡಿ ಕಂಡರೆ ಮೈಕು ಬದಲಿಸಬೇಕಿಲ್ಲ, ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ ತಂದರೆ ಮುಗಿಯಿತು.

ಇನ್ನು ಕೋಣೆ. ಹೊಸ ಆರ್‌ಸಿಸಿ ಮನೆ, ನೆಲಕ್ಕೆ ಟೈಲ್ಸ್, ಗೋಡೆಗೆ ನುಣುಪು ಪುಟ್ಟಿ: ನೋಡಲು ಚೆಂದ, ಹಾಡಲು ಶತ್ರು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಟ್ರೀಂಗ್ ಎಂದು ಸದ್ದು ಗೋಡೆಯಿಂದ ಗೋಡೆಗೆ ಜಿಗಿದರೆ ಅದೇ ಗುಣ ಹಾಡಿನ ಮೈಗೂ ಅಂಟುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿ ಬಿಡಿಸಲಾಗದು. ಹಳೆಯ ಮಣ್ಣಿನ ಮಾಳಿಗೆ ಮನೆ ನಿಮ್ಮದಾಗಿದ್ದರೆ ಪುಣ್ಯವಂತರು. ಒರಟು ಗೋಡೆ, ತೊಲೆ–ಜಂತೆಗಳ ಏರುತಗ್ಗು, ಮೂಲೆಯಲ್ಲಿ ಪೇರಿಸಿದ ಚೀಲಗಳು ಸದ್ದನ್ನು ಒಡೆದು ಚೆದರಿಸುತ್ತವೆ.

ಆರ್‌ಸಿಸಿಯವರು ಅಂತರ್ಜಾಲದಲ್ಲಿ ಫೋಮ್ ಹಲಗೆ ಹುಡುಕಲು ಹೋಗಬೇಡಿ. ಚಳ್ಳಕೆರೆಯಲ್ಲಿ ಕೂತು ಸದ್ದು ಹೀರುವ ಬಟ್ಟೆಗೆ ಬೆಂಗಳೂರಿಗೆ ಆರ್ಡರ್ ಕೊಡುವುದು ತಮಾಷೆಯೇ ಸರಿ. ಕುರಿ ಉಣ್ಣೆಯ ಕರಿ ಕಂಬಳಿ ಈ ಊರಿನ ಕಸುಬು. ಉಣ್ಣೆಯ ಎಳೆಗಳ ಸಂದಿಯಲ್ಲಿ ನುಗ್ಗುವ ಗಾಳಿ ತಿಕ್ಕಾಡಿ, ಸದ್ದಿನ ಕಸುವು ಬಿಸಿಯಾಗಿ ಕರಗಿಹೋಗುತ್ತದೆ. ಹೊಸ ಕಂಬಳಿ ಎರಡು ಸಾಕು. ಆದರೆ ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಗುಟ್ಟಿದೆ. ಸಾಮಾನ್ಯವಾಗಿ ಹಾಡುವವರು ಕಂಬಳಿಯನ್ನು ಮೈಕಿನ ಹಿಂದೆ, ತಮ್ಮ ಕಣ್ಣೆದುರು ಕಟ್ಟುತ್ತಾರೆ. ಆದರೆ ಮೈಕಿನ ಮುಖ ಇರುವುದು ಹಾಡುಗಾರನ ಕಡೆಗೆ. ಆದ್ದರಿಂದ ಅದಕ್ಕೆ ಚೆನ್ನಾಗಿ ಕೇಳಿಸುವುದು ಹಾಡುಗಾರನ ಬೆನ್ನ ಹಿಂದಿನ ಗೋಡೆ. ಕೋಣೆಯ ಮೂಲೆಯೊಂದರಲ್ಲಿ ಹಗ್ಗ ಕಟ್ಟಿ, ಎರಡೂ ಗೋಡೆಗೆ ಒಂದೊಂದು ಕಂಬಳಿಯನ್ನು ಮಡಿಸಿ ಎರಡು ಪದರ ಮಾಡಿ ಇಳಿಬಿಡಿ, ಹಾಡುಗಾರ ಮೂಲೆಗೆ ಬೆನ್ನು ಮಾಡಿ ಕೂರಲಿ. ಕಂಬಳಿ ಗೋಡೆಗೆ ಅಂಟಿರಬಾರದು. ನಾಲ್ಕು ಅಂಗುಲ ಸಂದಿ ಬಿಟ್ಟರೆ ಮಧ್ಯಮ ಸ್ಥಾಯಿಯ ಸದ್ದನ್ನೂ ಅದು ಹಿಡಿಯುತ್ತದೆ. ಅಂಟಿಸಿದರೆ ತೀರಾ ತಾರದ ಸದ್ದಷ್ಟೇ ಸಾಯುತ್ತದೆ, ದನಿ ಮಬ್ಬಾಗುತ್ತದೆ. ನೆಲಕ್ಕೆ ಜಮಖಾನ ಹಾಸಿ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಚಟ ಮಾತ್ರ ಬೇಡ. ತೆಳು ರಟ್ಟು ಹೀರುವ ಸದ್ದು ಅತ್ಯಲ್ಪ, ಹತ್ತಿಕೊಳ್ಳುವ ಬೆಂಕಿ ಬಹಳ.

ಕಂಬಳಿ ಒಳಗಿನ ಮಾರ್ದನಿಯನ್ನು ಕೊಲ್ಲುತ್ತದೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಹೊರಗಿನದಕ್ಕೆ ಹೊತ್ತು ನೋಡುವುದೊಂದೇ ದಾರಿ. ಮೊಳಕಾಲ್ಮೂರಿನ ನೇಕಾರರ ಓಣಿಗಳಲ್ಲಿ ರೇಷ್ಮೆ ಸೀರೆಯ ಮಗ್ಗ ನಡೆಯುತ್ತಿರುವಾಗ ಬಡಿತ ಕೇಳಿಸುವುದು ಗಾಳಿಯಲ್ಲಿ ಮಾತ್ರವಲ್ಲ, ನೆಲದಲ್ಲೂ. ಮೈಕ್ ಸ್ಟ್ಯಾಂಡಿನ ಕಾಲಿನ ಕೆಳಗೆ ದಪ್ಪ ಮಡಿಕೆಯ ಕೌದಿ ಇಟ್ಟರೆ ನೆಲದ ಬಡಿತ ಒಂದಷ್ಟು ಇಳಿಯುತ್ತದೆ. ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ 80 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಹಾಕಿ ತೆಗೆಯಬಹುದು. ಗಂಡಸಿನ ಮಂದ್ರಕ್ಕೂ ಅದರಿಂದ ಹೆಚ್ಚು ನಷ್ಟವಿಲ್ಲ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಹಗಲು ಹಾಡಿಸುವುದು ಹಿಂಸೆ. ಬೆಳಗಿನ ಜಾವವೇ ಸರಿ, ಗಂಟಲು ಸ್ವಲ್ಪ ಬಿಸಿಯಾಗಲು ಬಿಡಬೇಕು ಅಷ್ಟೇ. ಆಷಾಢದ ಗಾಳಿಯಲ್ಲಿ ಕಿಟಕಿ ಕದಗಳು ಬಡಿಯುತ್ತವೆ, ಸಂದಿಗೆ ಬಟ್ಟೆ ತುರುಕಿ.

ಕರೆಂಟು ಹೋದಾಗ ಎಲ್ಲರೂ ಶಪಿಸುತ್ತಾರೆ. ರೆಕಾರ್ಡಿಂಗ್ ಮಾಡುವವನಿಗೆ ಅದು ಒಳ್ಳೆಯ ಗಳಿಗೆ. ಓಣಿಯ ಟಿವಿ, ಫ್ರಿಜ್ಜು, ಮೋಟರು ಎಲ್ಲ ಬಾಯಿ ಮುಚ್ಚುತ್ತವೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತದೆ. ಸಣ್ಣ ಇಂಟರ್‌ಫೇಸುಗಳು ಯುಎಸ್‌ಬಿಯಿಂದಲೇ 5 ವೋಲ್ಟ್ ಎಳೆದುಕೊಂಡು ಬದುಕುತ್ತವೆ. ಬ್ಯಾಟರಿ ಸದಾ ತುಂಬಿರಲಿ.

ಇದರ ಬೆನ್ನಿಗೇ ಬರುವುದು ಗುಂಯ್ ಎಂಬ ಸದ್ದಿನ ಕಥೆ. ನಮ್ಮ ವಿದ್ಯುತ್ತು 50 ಹರ್ಟ್ಜ್; ಗುಂಯ್‌ಗುಡುವುದು ಆ 50, ಅದರ ದುಪ್ಪಟ್ಟು 100. ಕಾರಣ ಪತ್ತೆಹಚ್ಚುವುದು ಸುಲಭ: ರೆಕಾರ್ಡ್ ಮಾಡುತ್ತಿರುವಾಗಲೇ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುನೋಡಿ. ಸದ್ದು ನಿಂತರೆ ತಪ್ಪು ಡಬ್ಬಿಯದಲ್ಲ, ಮೈಕಿನದೂ ಅಲ್ಲ, ಚಾರ್ಜರು ಅಥವಾ ಮನೆಯ ಅರ್ಥಿಂಗಿನದು. ಈ ಸೀಮೆಯ ಒಣ ನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಬಿರಿದು ಒಣಗುತ್ತದೆ. ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ, ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಇದ್ದಿಲು, ಉಪ್ಪು ತುಂಬಿದ ಆ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಎರಡು ಬಿಂದಿಗೆ ನೀರು ಹೊಯ್ಯಿರಿ. ಹಾಡಿಗಷ್ಟೇ ಅಲ್ಲ, ಮನೆಯವರ ಜೀವಕ್ಕೂ ಒಳ್ಳೆಯದು. ಸದ್ದು ನಿಲ್ಲಲೆಂದು ಚಾರ್ಜರಿನ ಮೂರನೇ ಪಿನ್ ಮುರಿಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಅದು ಜೀವ ತೆಗೆಯುವ ಕೆಲಸ. ಅಗ್ಗದ ಇನ್ವರ್ಟರ್ ಮೇಲೆ ಚಾರ್ಜರ್ ಓಡುತ್ತಿದ್ದರೂ ಜುಂಯ್ ಎಂಬ ಒರಟು ಸದ್ದು ಸೇರಿಕೊಳ್ಳಬಹುದು. ಪ್ಯೂರ್ ಸೈನ್ ವೇವ್ ಅಲ್ಲದ ಇನ್ವರ್ಟರಿನ ಗುಣವೇ ಅದು. ಆಗಲೂ ಚಾರ್ಜರ್ ಕಿತ್ತಿಡಿ.

ಲ್ಯಾಪ್‌ಟಾಪಿನೊಳಗೆ ಮಾಡಬೇಕಾದದ್ದು ಕಡಿಮೆ. ಮೊದಲು ಕಂಪನಿಯ ಡ್ರೈವರ್ ಹಾಕಿ, ಆಮೇಲೆ ಡಬ್ಬಿ ಸಿಕ್ಕಿಸಿ. ಆಡಾಸಿಟಿ ಪುಕ್ಕಟೆ, ಕಲಿಯಲು ಸುಲಭ; ಒಂದರ ಮೇಲೊಂದು ಪದರ ಹಾಡಿಸಬೇಕಾದರೆ ರೀಪರ್ ವಾಸಿ, ಅರವತ್ತು ದಿನ ಸುಮ್ಮನೆ ಬಳಸಿ ನೋಡಬಹುದು. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಇನ್‌ಪುಟ್ ಎಂದು ನಿಮ್ಮ ಡಬ್ಬಿಯ ಹೆಸರನ್ನೇ ಆರಿಸಿ. ಆರಿಸಿದ್ದೀರೋ ಇಲ್ಲವೋ ಎಂಬುದಕ್ಕೆ ಉಗುರಿನ ಪರೀಕ್ಷೆ ಇದೆ: ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ, ಆಮೇಲೆ ಲ್ಯಾಪ್‌ಟಾಪಿನ ಪರದೆಯ ಅಂಚನ್ನು ಕೆರೆಯಿರಿ. ಎರಡನೆಯದಕ್ಕೆ ಮೀಟರ್ ಹಾರಿದರೆ ಇಷ್ಟು ಹೊತ್ತೂ ರೆಕಾರ್ಡ್ ಆಗುತ್ತಿದ್ದದ್ದು ಲ್ಯಾಪ್‌ಟಾಪಿನದೇ ಮೈಕಿನಲ್ಲಿ. ಇನ್ನು, ಹಾಡು ಎಡಗಿವಿಗೆ ಮಾತ್ರ ಕೇಳುತ್ತಿದೆ ಎಂಬ ದೂರು. ಒಂದು ಮೈಕನ್ನು ಸ್ಟೀರಿಯೊ ಟ್ರ್ಯಾಕಿನಲ್ಲಿ ಹಿಡಿದದ್ದರ ಫಲ ಅದು. ಟ್ರ್ಯಾಕನ್ನು ಮೋನೊ ಮಾಡಿದರೆ ಎರಡೂ ಕಿವಿಗೆ ಬರುತ್ತದೆ.

ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕುಗಳ ಲೆಕ್ಕ, ಅಂದರೆ ಬಫರ್ ಎಂಬ ಸಂಖ್ಯೆ, ಹೊಸಬರನ್ನು ಕಾಡುತ್ತದೆ. 48 ಕಿಲೊಹರ್ಟ್ಜ್‌ನಲ್ಲಿ 256 ಎಂದಿಟ್ಟರೆ ಒಂದು ದಿಕ್ಕಿನ ತಡ ಸುಮಾರು 5 ಮಿಲಿಸೆಕೆಂಡ್. 1024 ಎಂದಿಟ್ಟರೆ 21. ಹೋಗಿ ಬರುವ ಲೆಕ್ಕದಲ್ಲಿ ಅದು 40 ದಾಟುತ್ತದೆ. ತನ್ನದೇ ದನಿ ಅಷ್ಟು ತಡವಾಗಿ ಹೆಡ್‌ಫೋನಿನಲ್ಲಿ ಕೇಳಿಸಿದರೆ ತಾಳಜ್ಞಾನ ಇರುವವನೂ ಎಡವುತ್ತಾನೆ. ಇದಕ್ಕೇ ಡೈರೆಕ್ಟ್ ಮಾನಿಟರ್ ಇರಲಿ ಎಂದದ್ದು. ಆ ಗುಂಡಿ ಒತ್ತಿ, ಸಾಫ್ಟ್‌ವೇರಿನ ಮಾನಿಟರ್ ಆಫ್ ಮಾಡಿದರೆ ದನಿ ಕಂಪ್ಯೂಟರಿಗೆ ಹೋಗಿ ಬರುವ ಮೊದಲೇ ಡಬ್ಬಿಯಿಂದ ನೇರ ಕಿವಿಗೆ ಬರುತ್ತದೆ. ಆಗ ಬಫರ್ 1024 ಇದ್ದರೂ ಚಿಂತೆಯಿಲ್ಲ, ಹಳೆಯ ಲ್ಯಾಪ್‌ಟಾಪಿಗೂ ಆರಾಮ.

ಗೇನ್ ಇಡುವುದು ಕೈಚಳಕಕ್ಕಿಂತ ಮನುಷ್ಯರನ್ನು ಅರಿಯುವ ಕೆಲಸ. ಹಿರಿಯರೊಬ್ಬರನ್ನು ಮೈಕಿನ ಮುಂದೆ ಕೂರಿಸಿ ‘ಒಂದು ಸಲ ಹಾಡಜ್ಜಿ, ಟೆಸ್ಟ್ ಮಾಡೋಣ’ ಎಂದರೆ ಅವರು ನಾಚಿ, ಬಾಯೊಳಗೇ ಗುನುಗುತ್ತಾರೆ. ನೀವು ಅದಕ್ಕೆ ತಕ್ಕಂತೆ ಗೇನ್ ಏರಿಸುತ್ತೀರಿ. ನಿಜವಾದ ಪದ ಶುರುವಾಗಿ ಮೂರನೇ ಸೊಲ್ಲಿಗೆ ಬರುವಷ್ಟರಲ್ಲಿ ಸಂಕೋಚ ಬಿಟ್ಟಿರುತ್ತದೆ, ಗಂಟಲು ತೆರೆದಿರುತ್ತದೆ, ಮೀಟರ್ ಕೆಂಪಿಗೆ ಹೊಡೆದಿರುತ್ತದೆ. ಕೆಂಪು ದಾಟಿದ ಸದ್ದು ಕತ್ತರಿಸಿಹೋದ ಸದ್ದು, ಅದಕ್ಕೆ ಮದ್ದಿಲ್ಲ. ಆದ್ದರಿಂದ ಟೆಸ್ಟ್ ಎಂಬ ಮಾತನ್ನೇ ಆಡಬೇಡಿ. ಒಂದು ಪೂರ್ತಿ ಪದ ಹಾಡಿಸಿ, ರೆಕಾರ್ಡ್ ಕೂಡ ಮಾಡಿ, ಅದರ ಅತಿ ಜೋರು ಜಾಗ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ಗುಂಡಿ ತಿರುಗಿಸಿ ಬಿಟ್ಟುಬಿಡಿ. ಅಲೆ ಪರದೆಯ ಮೇಲೆ ಸಣ್ಣದಾಗಿ ಕಾಣುತ್ತದಲ್ಲ ಎಂಬ ಕಳವಳ ಬೇಡ. 24 ಬಿಟ್ಟಿನಲ್ಲಿ ಆಮೇಲೆ ಹಿಗ್ಗಿಸಿದರೂ ಏನೂ ಕೆಡುವುದಿಲ್ಲ. ಕೆಲವು ಸಲ ಆ ಮೊದಲ ಪದವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿರುತ್ತದೆ.

ವಾದ್ಯಗಳದು ಒಂದೊಂದರದೂ ಒಂದೊಂದು ಹಟ. ನಾಟಕದ ಮಾಸ್ತರರು ತಾವೇ ಹಾರ್ಮೋನಿಯಂ ನುಡಿಸುತ್ತ ಹಾಡುವವರು. ಅವರನ್ನು ಬಿಡಿಸಿ ಬೇರೆ ಬೇರೆ ಹಿಡಿಯಲು ಹೋದರೆ ಹಾಡಿನ ಜೀವ ಹೋಗುತ್ತದೆ. ಗಂಟಲಿನ ಡೈನಮಿಕ್ ಮೈಕು ಬಾಯಿಗೆ ನಾಲ್ಕು ಬೆರಳು ದೂರದಲ್ಲಿರಲಿ. ಎರಡನೆಯದು ಹಾರ್ಮೋನಿಯಂ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ, ಬೆರಳಾಡುವ ಸ್ವರದ ಮನೆಗಳ ಕಡೆ ಬಾಗಿರಲಿ. ತಿದಿಯ ಹತ್ತಿರ ಇಟ್ಟರೆ ಗಾಳಿಯ ಸುಯ್ಲು, ಕೀಲಿನ ಕಿರುಗುಟ್ಟುವಿಕೆ ಮೊದಲು ಕೇಳುತ್ತದೆ. ಎರಡು ಮೈಕುಗಳ ನಡುವಿನ ಅಂತರ, ಗಂಟಲಿನ ಮೈಕಿನಿಂದ ಬಾಯಿಗಿರುವ ದೂರದ ಮೂರು ಪಟ್ಟಾದರೂ ಇದ್ದರೆ ಗಂಟಲಿನ ದನಿ ಇನ್ನೊಂದರಲ್ಲಿ ಬೆರೆತು ಪೊಳ್ಳಾಗುವುದು ಕಡಿಮೆಯಾಗುತ್ತದೆ. ಗಣೆಯಂಥ ಉದ್ದನೆಯ ಬಿದಿರಿನ ಕೊಳಲಿಗೆ ಮೈಕನ್ನು ಬಾಯಿಯ ಎದುರು ಹಿಡಿಯಬೇಡಿ, ಬರೀ ಊದಿನ ಸದ್ದು ಬರುತ್ತದೆ. ಬೆರಳಾಡುವ ತೂತುಗಳ ಕಡೆಗೆ, ಎರಡಡಿ ದೂರದಿಂದ ಹಿಡಿಯಿರಿ. ಕಂಡೆನ್ಸರ್ ಇದ್ದರೆ ಅದನ್ನು ಹೊರತೆಗೆಯಬೇಕಾದದ್ದು ಇಲ್ಲಿ.

ಉರುಮೆಯನ್ನು ಕೋಣೆಯೊಳಗೆ ಕೂರಿಸಲೇಬೇಡಿ. ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿ ಹೊರಡಿಸುವ ಆ ಗುರುಗುಟ್ಟುವ ಮಂದ್ರ ಹತ್ತಡಿ ಕೋಣೆಯಲ್ಲಿ ಗೋಡೆಗಳ ನಡುವೆ ಸಿಕ್ಕಿ ಉಬ್ಬುತ್ತದೆ, ಕಂಬಳಿ ಅದಕ್ಕೆ ಯಾವ ಲೆಕ್ಕವೂ ಅಲ್ಲ. ಗಾಳಿ ಇಲ್ಲದ ಸಂಜೆ ಹಟ್ಟಿಯ ಮರದಡಿ, ಗೋಡೆಗಳಿಂದ ದೂರ, ಮೂರು ನಾಲ್ಕು ಅಡಿ ಅಂತರದಲ್ಲಿ ಡೈನಮಿಕ್ ಮೈಕು, ಗೇನ್ ಬಹುತೇಕ ಸೊನ್ನೆಯ ಹತ್ತಿರ. ಮೈಕಿಗೆ ಸ್ಪಂಜಿನ ಟೋಪಿ ಕಡ್ಡಾಯ. ತಮಟೆ, ಡೊಳ್ಳಿಗೂ ಇದೇ ಕ್ರಮ.

ಹಟ್ಟಿಯ ಪದ ಹಿಡಿಯುವ ಮುನ್ನ ಹಿರಿಯರನ್ನು, ಪೂಜಾರಪ್ಪನನ್ನು ಕೇಳುವುದು ವಾಡಿಕೆ. ದೇವರ ಪದಗಳಿಗೆ ಅವುಗಳದೇ ಹೊತ್ತು, ಜಾಗ, ಮಡಿ ಇರುತ್ತದೆ. ಬೇಡ ಎಂದರೆ ಬೇಡ. ಮನೆಯ ಮಟ್ಟಿಗೆ ಎಂದು ಹಾಡಿಸಿಕೊಂಡದ್ದನ್ನು ಯೂಟ್ಯೂಬಿಗೆ ಏರಿಸಬೇಕಾದರೆ ಮತ್ತೊಮ್ಮೆ ಕೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂದೇ ಒಂದಿದೆ, ಅದು 50 ವರ್ಷ ನಡೆಯುತ್ತದೆ. ಪದ ಜನಪದದ್ದು, ಯಾರದೂ ಅಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಹಾಡಿದ ಗಂಟಲು ಅವರದೇ. ಒಪ್ಪಿಗೆಯ ಮಾತನ್ನು ರೆಕಾರ್ಡಿಂಗಿನ ಮೊದಲಲ್ಲೇ ಅವರ ದನಿಯಲ್ಲಿ ಹಿಡಿದಿಟ್ಟರೆ ಕಾಗದ ಬೇಡುವ ಮುಜುಗರ ಇರುವುದಿಲ್ಲ.

ಉಳಿಸುವಾಗ ವೇವ್ ಫೈಲ್ ಆಗಿಯೇ ಉಳಿಸಿ, ಎಂಪಿ3 ಹಂಚಲು ಮಾತ್ರ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿನ ಹೆಸರಿನಲ್ಲಿ ಹಾಡಿದವರು, ಊರು, ತಾರೀಕು, ಶ್ರುತಿ ಬಿಳಿ ನಾಲ್ಕೋ ಕಪ್ಪು ಒಂದೋ, ಎಲ್ಲ ಇರಲಿ. ‘ನ್ಯೂ ರೆಕಾರ್ಡಿಂಗ್ 17’ ಎಂದು ಬಿಟ್ಟರೆ ಮುಂದಿನ ವರ್ಷ ಯಾರ ದನಿ ಎಂದು ನಿಮಗೇ ತಿಳಿಯದು. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದನ್ನು ಪೆನ್‌ಡ್ರೈವಿಗೆ ಹಾಕಿ ಹಾಡಿದವರ ಮನೆಗೇ ಕೊಟ್ಟು ಬನ್ನಿ.